ಹೊಂದುತ್ತಿಲ್ಲ

ಮೊದಲು ಮಷಿನ್ನನ್ನು ಕಂಕುಳಲ್ಲಿಟ್ಟು
ಖಣಿಯ ಮಣ್ಣು ಸುರಿದ ದಿಬ್ಬ ಹತ್ತುತ್ತಿದ್ದೆ,
ಹಿಂದೆ ಚೀಲ ಹಿಡಿದವರ ಸಾಲು.
ನೆತ್ತಿಯ ಒಂಟಿ ಜಾಲಿಯ ಬುಡದಲ್ಲಿ
ಎರಡು ಕಡ್ಡಿ ಸಿಗ್ನಲ್ಲು, ಗಾಳಿ ಒಪ್ಪಿದರೆ.
ಅಲ್ಲಿ ಹೆಬ್ಬೆಟ್ಟು ಒತ್ತಿ, ಇಳಿದು ಬಂದು ಜೋಳ ಅಳೆಸಿಕೊಳ್ಳಬೇಕು.
ಲಾಲಬಿಯನ್ನು ಹೊರಸಿನ ಸಮೇತ ನಾಲ್ವರು ಹೊತ್ತು ತಂದದ್ದೂ ಉಂಟು,
ಬದುಕಿದ್ದೇನೆಂದು ಹೇಳಲು
ಹೆಣದ ಹಾಗೆ.

ಈಗ ಸೊಸೈಟಿಯ ಮಾಳಿಗೆ ಮೇಲೆ
ಬಿಳಿ ತಾಟೊಂದು ಆಕಾಶಕ್ಕೆ ಮುಖ ಮಾಡಿದೆ,
ಊಟಕ್ಕೆ ಕೂತವರ ಮುಂದಿನ ಹಾಗೆ, ಖಾಲಿ.
ಕೂರಿಸಲು ಬಂದ ಹುಡುಗ ಅಂದ:
ಕಂಬ ಇಲ್ಲ, ತಂತಿ ಇಲ್ಲ, ಮ್ಯಾಲ ಹಾರ್ತಾವ,
ಐನೂರೈವತ್ತು ಕಿಲೋಮೀಟರ.
‘ಅಂದ್ರ ಬೆಂಗಳೂರಕಿಂತ ಸನೇವ’ ಅಂದ ಟಪಾಲಿನ ಶರಣಗೌಡ.
ಒಂದೂ ನಿಲ್ಲುವುದಿಲ್ಲವಂತೆ. ನಾಲ್ಕೇ ನಿಮಿಷ ನಮ್ಮ ಮೇಲೆ,
ಅಷ್ಟರಲ್ಲಿ ಹಿಂದಿನದರ ಕೈಗೆ ನಮ್ಮನ್ನು ಕೊಟ್ಟು
ಸೇಡಂ ದಾಟಿ, ಸಮುದ್ರ ದಾಟಿ ಹೋಗಿರುತ್ತದೆ.
ಬೆಂಕಿ ಬಿದ್ದಾಗ ಕೊಡ ಕೈಯಿಂದ ಕೈಗೆ ದಾಟಿಸುತ್ತಾರಲ್ಲ,
ಹಾಗೆ. ಹನಿ ಚೆಲ್ಲದೆ.

ಮಷಿನ್ನಿನ ಚಕ್ರ ಈಗ ಸುಮ್ಮನೆ ತಿರುಗುವುದಿಲ್ಲ.
ಮೊನ್ನೆ ಚಂದಮ್ಮ ಬಂದಳು.
ಪಾಲಿಶ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ,
ಯಾರ್ಯಾರದೋ ಮನೆಯ ಫರ್ಸಿಯಲ್ಲಿ
ಮುಖ ಕಾಣುವಂತೆ ಉಜ್ಜಿದವಳು.
ಹೆಬ್ಬೆಟ್ಟು ಇಟ್ಟಳು. ಮೇಲೆ ಹೋಯಿತು, ಬಂತು,
ರೆಪ್ಪೆ ಬಡಿಯುವಷ್ಟರಲ್ಲಿ:
ಹೊಂದುತ್ತಿಲ್ಲ.
ತೋರುಬೆರಳು. ಹೊಂದುತ್ತಿಲ್ಲ.
ಸೆರಗಿಗೆ ಒರೆಸಿ, ತಲೆಯ ಎಣ್ಣೆ ಸವರಿ, ಎಡಗೈ.
ಹತ್ತೂ ಬೆರಳು ಹಿಡಿದು ನೋಡಿದೆ. ಗೆರೆಯಿಲ್ಲ.

ಮೊದಲಾದರೆ ಸಿಗ್ನಲ್ಲಿಗೆ ನಾಲ್ಕು ಬೈದು
ನಾಳೆ ಬಾ ಅನ್ನುತ್ತಿದ್ದೆ, ಅವಳೂ ಬೈದು ಹೋಗುತ್ತಿದ್ದಳು.
ಸುಳ್ಳಿಗೂ ಒಂದು ದಿಬ್ಬ ಬೇಕಿತ್ತು.

ಕತ್ತಲಾಗುವವರೆಗೆ ಕಟ್ಟೆಯ ಮೇಲೆ ಕೂತೇ ಇದ್ದಳು.
ನಾನು ಕದ ಎಳೆದು ಹೊರಬಂದಾಗ
ಶಹಾಬಾದಿನ ಕಡೆಯಿಂದ ಎದ್ದವು,
ಒಂದರ ಹಿಂದೊಂದು, ಸದ್ದಿಲ್ಲದೆ,
ಶಿಫ್ಟು ಬಿಟ್ಟ ಹೆಂಗಸರ ಹಾಗೆ.
‘ಇವೇ ಏನೋ ನನ್ನ ಬಟ್ಟು ಒಯ್ದು ತೋರ್ಸಾವು?’
ಹೂಂ ಅಂದೆ.
‘ಯಾರಿಗಿ?’
ನನಗೆ ಗೊತ್ತಿರಲಿಲ್ಲ.

ಕತ್ತು ಎತ್ತಿ ಬಹಳ ಹೊತ್ತು ನೋಡಿದಳು,
ಕೆಲಸ ಗೊತ್ತಿದ್ದವರು ಕೆಲಸ ನೋಡುವಂತೆ.
‘ಪಾಲಿಶ್ ಚಂದ ಹಿಡದದ’ ಅಂದಳು.
‘ಯಾರ್ ತಿಕ್ಕ್ಯಾರೋ,
ಅವ್ರ ಬೆರಳೂ ಒಮ್ಮಿ ನೋಡ್ರಿ.’