ಕಿತ್ತಳೆ ಹೋಳು

ಬ್ಯಾಲರಾಟ್‌ನಲ್ಲಿ ಶನಿವಾರ ಬೆಳಗಿನ ಎಂಟು.
ಕಾಲಡಿ ಹುಲ್ಲು ಚರಚರ, ಇಬ್ಬನಿ ಗಾಜಾಗಿದೆ.
ಟಿಲಿಯ ನೆಟ್‌ಬಾಲ್. ಹಣ್ಣಿನ ಪಾಳಿ ಈ ವಾರ ನಮ್ಮದು:
ಒಂದು ಡಜನ್ ಕಿತ್ತಳೆ, ನಾಲ್ಕು ನಾಲ್ಕು ಹೋಳು.
ಅಭ್ಯಾಸದ ಕೈ, ಉಪ್ಪು ಖಾರ ಉದುರಿಸಿಬಿಟ್ಟಿತು.

"ಅಯ್ಯೋ" ಅಂದಳು ಡಬ್ಬಿ ತೆರೆದ ಟಿಲಿ,
ನನ್ನ ಸುಮುಖನಿಂದ ಕಲಿತ ಒಂದೇ ಕನ್ನಡ.
ಆಮೇಲೆ ತಂಡಕ್ಕೆ ತಂಡವೇ ಮೂಗೊರೆಸಿಕೊಳ್ಳುತ್ತ,
ಬೆರಳು ಚೀಪುತ್ತ, ಇನ್ನೂ ಇದೆಯಾ ಎಂದಿತು.
ಯಾರ ಅಮ್ಮ ಮಾಡಿದ್ದು, ಕೇಳಿದಳೊಬ್ಬಳು.
ಬಾಯಿ ತುಂಬ ಹೋಳು ತುರುಕಿಕೊಂಡ ಟಿಲಿ
ನನ್ನತ್ತ ಗದ್ದ ಎತ್ತಿದಳು.
ಅಷ್ಟೆ.

ಮಲತಾಯಿ ಧೋರಣೆ ಎಂದು
ನಮ್ಮೂರ ಪತ್ರಿಕೆಗಳು ಸರ್ಕಾರವನ್ನು ಬೈಯುತ್ತಿದ್ದವು.
ಮದುವೆಯಾದ ಮೊದಲ ವರ್ಷವೆಲ್ಲ
ಆ ಪದ ಒಗ್ಗರಣೆ ಸೌಟು ಹಿಡಿದು
ನನ್ನ ಹಿಂದೆಯೇ ನಿಂತಿರುತ್ತಿತ್ತು:
ಯಾರ ತಟ್ಟೆಗೆ ಎಷ್ಟು ಬಿತ್ತು ನೋಡುತ್ತ.

ಮಧ್ಯಾಹ್ನ ಗ್ರಹಾಂ ಸೋಫಾದಲ್ಲಿ ಗೊರಕೆ.
ಹಿತ್ತಲಲ್ಲಿ ಬಟ್ಟೆ ಒಣಗಿಸುವ ತಿರುಗುಕಂಬಕ್ಕೆ
ಸುಮುಖ, ಜಾಸ್ಪರ್ ಜೋತುಬಿದ್ದು ಗಿರಗಿರ.
ಒಗೆದ ಬೆಡ್‌ಶೀಟು ಮಣ್ಣುಪಾಲು.
ಬೈದೆ, ಇಬ್ಬರಿಗೂ ಒಟ್ಟಿಗೇ, ಕನ್ನಡದಲ್ಲೇ.
ಅಳೆಯಲು ಮರೆತೇಹೋಯಿತು.

ನಾಳೆ ಐದಕ್ಕೆ ಅವರಮ್ಮನ ಕಾರು ಬರುತ್ತದೆ.
ಬಾಗಿಲ ಬಳಿಯ ಐದು ಜೊತೆ ಬೂಟು
ಮೂರಾಗುತ್ತದೆ, ಇನ್ನೊಂದು ಶುಕ್ರವಾರದವರೆಗೆ.
ಅದಕ್ಕಿನ್ನೂ ಒಂದು ರಾತ್ರಿ ಇದೆ, ಒಂದು ಬೆಳಗಿದೆ,
ಅರ್ಧ ಡಬ್ಬಿ ದೋಸೆಹಿಟ್ಟಿದೆ.

ಉಗುರ ಸಂದಿಯಲ್ಲಿ ಇನ್ನೂ ಖಾರ.
ಮರೆತು ಕಣ್ಣುಜ್ಜಿಕೊಂಡೆ.
ನೀರು ತಂದವನು ಜಾಸ್ಪರ್,
ಅರ್ಧ ಲೋಟ.
ಉಳಿದದ್ದು ಅಡುಗೆಮನೆಯಿಂದ ಇಲ್ಲಿಯವರೆಗೆ
ನೆಲದ ಮೇಲೆ.