ಉಪ್ಪಿನ ಡಬ್ಬಿಯಲ್ಲಿ ಅಕ್ಕಿ

ಬಂದರಿನವಳು ನಾನು, ಸೆಕೆ ನನಗೇನು ಹೊಸದೇ ಅಂದಿದ್ದೆ.
ಮದುವೆಯಾಗಿ ಯಜ್ದ್‌ಗೆ ಬಂದ ಮೊದಲ ಬೇಸಿಗೆ.
ಬಂದರ್ ಅಬ್ಬಾಸಿನಲ್ಲಿ ಗೋಡೆಯೂ ಬೆವರುತ್ತದೆ,
ಕಡ್ಡಿ ಗೀರಿದರೆ ಮದ್ದು ಮೆತ್ತಗೆ ಉದುರುತ್ತದೆ,
ಬೆಳಿಗ್ಗೆ ಒಗೆದ ಅಂಗಿ ಮರುದಿನ ಸಂಜೆಗೂ
ಹಗ್ಗದ ಮೇಲೆ ಮುನಿಸಿಕೊಂಡು ಜೋತಿರುತ್ತದೆ.
ಶರ್ಜಿ ಅನ್ನುತ್ತೇವೆ ಅದಕ್ಕೆ.
ಹೇಳದೆ ಬಂದು, ತೊಡೆಗೆ ತೊಡೆ ತಾಗಿಸಿ ಕೂತು
ಏಳುವ ಮಾತೇ ಆಡದ ನೆಂಟ.

ಇಲ್ಲಿ ಹಾಗಲ್ಲ.
ಮೈಗೆ ಏನೂ ಅಂಟುವುದಿಲ್ಲ.
ಕತ್ತು ಒಣಗಿದೆ, ಕಂಕುಳೂ ಒಣಗಿದೆ,
ಇದೇನು ಮಹಾ ಎಂದುಕೊಂಡು ನಡುಹಗಲಲ್ಲಿ
ಒದ್ದೆಬಟ್ಟೆಯ ಬುಟ್ಟಿ ಹೊತ್ತು ಮಾಳಿಗೆ ಹತ್ತಿದೆ.
ಮೊದಲ ಚಾದರ ಹರವಿ, ಎರಡನೆಯದಕ್ಕೆ ಬಗ್ಗಿ ಏಳುವಷ್ಟರಲ್ಲಿ
ಮೊದಲನೆಯದು ಹಪ್ಪಳ.
ನಗು ಬಂತು. ನಕ್ಕರೆ ತುಟಿ ಬಿರಿಯಿತು.
ನಾಲ್ಕನೆಯದನ್ನು ಹರವಿದ್ದು ನೆನಪಿಲ್ಲ.

ಪಕ್ಕದ ಮನೆಯ ಬೀಬಿ ತೂಬಾ
ಮೊಮ್ಮಗನ ಕೈಲಿ ಕಾಲು ಹಿಡಿಸಿ
ನೆಲಮಾಳಿಗೆಗೆ ಇಳಿಸಿದಳಂತೆ ನನ್ನ.
ಕಣ್ಣು ಬಿಟ್ಟಾಗ ನನ್ನ ಕಪ್ಪು ಅಂಗಿಯನ್ನು ಬೆಳಕಿಗೆ ಹಿಡಿದಿದ್ದಳು.
ಬೆನ್ನ ತುಂಬ ಬಿಳಿ ಗೆರೆ, ಒಂದರ ಪಕ್ಕ ಒಂದು,
ಮರಳಿಗೆ ಬಂದು ಹೋದ ಅಲೆಯ ಗುರುತು.
‘ಬೆವರಿದ್ದೀಯೆ ಹುಡುಗಿ, ಚೆನ್ನಾಗೇ ಬೆವರಿದ್ದೀಯೆ.
ನೀನು ನೋಡುವ ಮೊದಲೇ ಗಾಳಿ ನೆಕ್ಕಿತು.
ನಮ್ಮೂರ ಬಿಸಿಲು ಜೇಬುಗಳ್ಳ,
ಮನೆಗೆ ಹೋಗಿ ತಡವಿಕೊಂಡಾಗಲೇ ಗೊತ್ತಾಗುವುದು.’

ಆಮೇಲೆ ಪಾಠ.
ಬಾಯಾರುವ ಮೊದಲೇ ಕುಡಿ, ಬೆಂಕಿ ಬಿದ್ದಾಗ ಬಾವಿ ತೋಡಬೇಡ.
ಮೈ ಬಿಚ್ಚಬೇಡ, ಮುಚ್ಚು.
ಕಿಟಕಿಗೆ ಒಂಟೆಮುಳ್ಳಿನ ತಡಿಕೆ ಕಟ್ಟಿ ನೀರೆರಚು,
ಹೊರಗಿನ ಝಳ ಮುಳ್ಳಿನ ಸಂದಿಯಲ್ಲಿ ನುಸುಳಿ
ಒಳಗೆ ಬರುವಾಗ ತಂಗಾಳಿ.
(ನಮ್ಮೂರಲ್ಲಾದರೆ ತಡಿಕೆಗೆ ಬೂಷ್ಟು ಹಿಡಿಯುತ್ತಿತ್ತು, ಅಷ್ಟೇ.
ಕಂಠಮಟ್ಟ ಕುಡಿದು ಕೂತ ಗಾಳಿಗೆ
ಇನ್ನೆಷ್ಟು ಬಡಿಸುವುದು?)
ಹಗಲೆಲ್ಲ ನೆಲದ ಕೆಳಗೆ, ಗಾಳಿಗೋಪುರದ ಬುಡದಲ್ಲಿ.
ಗಾಳಿಗೋಪುರ ಎಂದರೆ ಇಲ್ಲಿ ಬರೀ ಮಾತಲ್ಲ:
ಇಟ್ಟಿಗೆ, ಮಣ್ಣು, ನಾಲ್ಕು ದಿಕ್ಕಿಗೆ ನಾಲ್ಕು ಬಾಯಿ.
ಇರುಳು ಮಾಳಿಗೆಯಲ್ಲಿ. ನಸುಕಿಗೆ ಹೊದಿಕೆ ಎಳೆದುಕೊಳ್ಳುವಾಗ
ಊರಲ್ಲಿ ಬೆವರುತ್ತ ಮಗ್ಗುಲು ಬದಲಿಸುವವರ ನೆನಪಾಗಿ
ಏನೋ ಕದ್ದ ಹಾಗೆ.

ಮೂರನೆಯ ವರ್ಷ ಅಮ್ಮ ಬಂದಳು,
ಒಣಮೀನಿನ ಗಂಟು, ನೀಲಿ ಬಣ್ಣದ ಮುಖವಾಡ.
ಬೆವರಿಗೆ ಕರಗಿದ ಆ ನೀಲಿ ನಲವತ್ತು ವರ್ಷ
ಅವಳ ಮೂಗಿನ ಮೇಲೆ ಮಚ್ಚೆಯಾಗಿ ಉಳಿದಿತ್ತು.
ಐದನೆಯ ದಿನ ಕನ್ನಡಿಯ ಮುಂದೆ ತುಂಬ ಹೊತ್ತು ನಿಂತಳು.
‘ಮೊರ್ವಾರಿದ್, ಇದು ಯಾರ ಮೂಗೇ?’
ನಾನು ನಕ್ಕೆ. ಅವಳು ನಗಲಿಲ್ಲ.
‘ಈ ಬಿಸಿಲು ಮಾತೇ ಆಡೋದಿಲ್ಲ, ಸುಮ್ಮನೆ ತಿನ್ನುತ್ತೆ.
ನಮ್ಮದು ಬೈದರೂ ಮೈಮೇಲೆ ಬಿದ್ದು ಬೈಯುತ್ತೆ.’

ಹೆಂಚಿನ ಭಟ್ಟಿಯಿಂದ ಬಂದ ಎಸ್ಕಂದರ್
ಅತ್ತೆಗೆಂದು ಕಲ್ಲಂಗಡಿ ಹೆಚ್ಚಿದ.
ಉಪ್ಪು ಕೇಳಿದಳು. ಬಂದರಿನ ಕೈ,
ಡಬ್ಬಿಯನ್ನು ಮೂರು ಸಲ ಬಡಿದು ಕೊಡವಿತು.
ಧೊಪ್ಪನೆ ಸುರಿಯಿತು ಅಷ್ಟೂ.
ಯಾರೂ ಏನೂ ಅನ್ನಲಿಲ್ಲ. ತೊಳೆದು ತಿಂದಳು.

ಬಸ್ಸು ಹತ್ತಿಸಿ ಬಂದು ಒಲೆ ಹಚ್ಚಿದೆ.
ಉಪ್ಪಿಗೆ ಕೈಹಾಕಿದರೆ ಡಬ್ಬಿಯೊಳಗೆ
ಕೂಸಿನ ಗಿಲಕಿಯಂಥ ಸದ್ದು.
ಹದಿನೇಳು ಅಕ್ಕಿಕಾಳು.
ತೇವ ಹೀರಲಿ ಅಂತ ಹಾಕಿದ್ದಾಳೆ,
ತೇವವೇ ಇಲ್ಲದ ಊರಿನಲ್ಲಿ
ಕೆಲಸವಿಲ್ಲದೆ ಕೂತಿವೆ.

ಇರಲಿ ಬಿಡು.