ಕೀಲಿ ಹಾಕೇದ

ಬಾಗಲಕೋಟಿ ನವನಗರ, ಆಫೀಸಿನ ಮ್ಯಾಲಿನ ಖೋಲಿ.
ಫ್ಯಾನು ತಿರುಗತದ, ಗಾಳಿ ಬರಂಗಿಲ್ಲ.
ಮುಳುಗಿದ ಊರಿನ ಮನೀ ಕಾಗದೆಲ್ಲ
ಸ್ಕ್ಯಾನ್ ಆಗಿ ಸರ್ವರಿನ್ಯಾಗ ಕುಂತಾವು:
ಓಣಿಗೊಂದು ಫೋಲ್ಡರು, ಅದರಾಗ ಮನಿಗೊಂದು,
ಒಂದರಾಗೊಂದು ಕೂತ ಹಿತ್ತಾಳಿ ಡಬರಿ ಹಂಗ.

ಕೆಳಗ ಬೆಂಚಿನ ಮ್ಯಾಲೆ ರೇಣವ್ವ ಕಾಯಾಕತ್ತಾಳ.
ಆಕೀಗೆ ಬೇಕಾದದ್ದು ಒಂದೇ ಹೆಸರು,
ನೀಲಗಾರ ಯಮನೂರಪ್ಪ, ಬಣ್ಣದ ಅಂಗಡಿ.

ನಾ ಬರೆದ ಪ್ರೋಗ್ರಾಮು ಓಣಿ ಓಣಿ ಹೊಕ್ಕು ಹೊರಬಿತ್ತು.
ಮುನ್ನೂರಾ ಹನ್ನೊಂದನೇ ಮನಿ ಮುಂದ
'ಪರ್ಮಿಶನ್ ಡಿನೈಡ್' ಅಂತ ಒಂದು ಸಾಲು ಉಗುಳಿ
ಹೊಚ್ಚಲದಾಗ ಬಿದ್ದು ಸತ್ತಿತು.
ಅಲ್ಲೀತನಕ ಹುಡುಕಿದ್ದೂ ಅದರ ಜೋಡಿನ ಹೋತು.

ಸಿಟ್ಟು ಬಂತು. ಟ್ರೈ ಹಾಕಿದೆ,
ಎಕ್ಸೆಪ್ಟಿನ ಕೆಳಗ ಪಾಸ್ ಅಂತ ಬರೆದೆ.
ಈಗ ಸರಕ್ಕನ ಓಡಿ ಬಂದು ಹೇಳಿತು:
ಇಲ್ಲ. ಆ ಹೆಸರಿನಾಂವ ಇಲ್ಲ.

ಹೇಳಾಕ ಹೊಂಟಾಕಿ ಮೂರನೇ ಪಾವಟಿಗಿ ಮ್ಯಾಲೆ ನಿಂತೆ.

ನಮ್ಮಪ್ಪ ಕರೆಂಟಿನ ಮೀಟರ್ ಓದಾಂವ,
ಅಟ್ಲಾಸ್ ಸೈಕಲ್ಲು, ಕಿವಿ ಮ್ಯಾಲೆ ಪೆನ್ಸಿಲ್ಲು.
ಕೀಲಿ ಹಾಕಿದ ಮನಿ ಕಂಡರ
ತಿರುಗಿ ಆಫೀಸಿಗೆ ಬರತಿದ್ದಿಲ್ಲ. ಗೋಡಿ ಜಿಗೀತಿದ್ದಿಲ್ಲ.
ಸೊನ್ನಿ ಅಂತೂ ಬರೀತಿದ್ದಿಲ್ಲ.
"ಸೊನ್ನಿ ಬರದ್ರ ಆ ಮನ್ಯಾಗ ದೀಪಾನ ಹಚ್ಚಿಲ್ಲ ಅಂದಂಗ, ಹುಡುಗಿ,"
ಅಂತಿದ್ದ ಬಿಸಿ ಚಾ ಬಸಿಗಿ ಹಾಕ್ಕೋತ.
'ಕೀಲಿ ಹಾಕೇದ' ಅಂತ ಬರೆದು, ತಾರೀಖು ಹಾಕಿ,
ಮುಂದಿನ ಮನೀಗೆ.

ಹೊಳ್ಳಿ ಹತ್ತಿದೆ. ಪಾಸ್ ಅಳಿಸಿದೆ.
ಯಾವ ಹಾದಿ, ಯಾವ ಬಾಗಿಲು, ಎಷ್ಟೊತ್ತಿಗೆ:
ಬರೆದಿಡು, ಆಮ್ಯಾಲೆ ಕಂಟಿನ್ಯೂ.

ಎರಡು ಸಾವಿರದ ನಾಕುನೂರು ಮನಿ ಓದಿ ಬಂತು.
ಆರು ಕೀಲಿ.
ಐದು ದೇಸಾಯಿ ಸಾಹೇಬರ ಹೆಸರಿಗಿದ್ದವು.
ಆರನೇದಕ್ಕ ಮಾಲಕನ ಹೆಸರ ಇಲ್ಲ,
ಬರೇ ಒಂದು ನಂಬರು, ಸಾವಿರದ ಏಳು.
ಯಾರೋ ಕೆಲಸ ಬಿಟ್ಟು ಹೋದರು,
ಅವರ ಖಾತೆ ಅಳಿಸಿದರು,
ಕೀಲಿ ಮಾತ್ರ ಹಂಗ ಜೋತಾಡತದ.

ರೂಟಿನ ಪಾಸ್‌ವರ್ಡು ಡ್ರಾವರಿನ ತಳಕ್ಕ
ಚೀಟಿ ಮ್ಯಾಲೆ ಬರೆದದ್ದು ನನಗ ಗೊತ್ತು.
ಕೈ ಅಲ್ಲೀತನಕ ಹೋತು,
ಎರಡು ಗುಂಡುಪಿನ್ನು ಹಿಡಕೊಂಡು ಬಂತು.
ಆರು ಸಾಲು ಪ್ರಿಂಟ್ ತಗದು, ಪಿನ್ನು ಚುಚ್ಚಿ ಕೆಳಗಿಳಿದೆ.

"ಅವ್ವಾ, ಇಲ್ಲ ಅಂತಲ್ಲ. ಆರು ಮನೀ ಬಾಗಿಲ ತಗದಿಲ್ಲ.
ತಗಿಯೋ ಸಾಹೇಬ್ರು ಸೋಮವಾರ ಬರತಾರ."

ರೇಣವ್ವ ಕಾಗದ ಉಲ್ಟಾ ಹಿಡದು ನೋಡಿದಳು.
"ಕೀಲಿ ಐತೆಂದ್ರ ಮನಿ ಐತಿ ಅಂದಂಗಾತು," ಅಂದಳು.
ಸೆರಗಿನ ಗಂಟಿಗೆ ಅದನ್ನ ಕಟ್ಟಿಕೊಂಡು,
"ಸೋಮವಾರ ಹತ್ತಕ್ಕ ಬರಲೋ, ಹನ್ನೊಂದಕ್ಕೋ?"